ಗಂಟು ಬಿಚ್ಚದ ಮಣ್ಣು

ಅವರು ಮಣ್ಣನ್ನು ಬಾಯಿಗೆ ಹಾಕಿಕೊಂಡು ರುಚಿ ನೋಡಿ ಹೇಳುತ್ತಾರೆ ಎಂದು ಊರಲ್ಲೆಲ್ಲ ಒಂದು ಸುದ್ದಿ ಇತ್ತು. ಅದು ಸುಳ್ಳು. ಹನ್ನೊಂದು ವರ್ಷ ಅವರ ಮಣ್ಣು ಪರೀಕ್ಷೆಯ ಆಫೀಸಿನಲ್ಲಿ, ಪಕ್ಕದ ಕೋಣೆಯಲ್ಲಿ ಕೂತವಳು ನಾನು. ಒಂದು ದಿನವೂ ಅವರು ಮಣ್ಣು ತಿಂದದ್ದನ್ನು ನೋಡಿಲ್ಲ. ಮೂಸುತ್ತಿದ್ದರು, ಅದು ನಿಜ. ಅಂಗೈಯಲ್ಲಿ ಒಂದು ಚಿಟಿಕೆ ಇಟ್ಟು, ನಾಲ್ಕು ಹನಿ ನೀರು ಬಿಟ್ಟು, ಹೆಬ್ಬೆರಳಿನಿಂದ ಉಜ್ಜಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ನಶ್ಯದ ಅಭ್ಯಾಸ ಇದ್ದ ಮೂಗಿಗೆ ಎಷ್ಟು ವಾಸನೆ ತಿಳಿಯುತ್ತಿತ್ತೋ ದೇವರೇ ಬಲ್ಲ. ಆದರೆ ಅವರು ಮೂಸಿದ್ದನ್ನು ನೋಡಿದ ಯಾರೋ ಒಬ್ಬರು ತಿಂದರು ಎಂದು ಹೇಳಿರಬೇಕು. ನಮ್ಮ ಊರಿನಲ್ಲಿ ಒಂದು ಸಲ ಹುಟ್ಟಿದ ಮಾತು ಸಾಯುವುದು ಕಷ್ಟ.

ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಅವರ ಉತ್ತರಕ್ರಿಯೆಯ ದಿನ. ಬಂಟ್ವಾಳದ ಒಂದು ಸಣ್ಣ ಸಭಾಂಗಣದಲ್ಲಿ ಊಟ. ಬಂದವರೂ ಹೆಚ್ಚಿರಲಿಲ್ಲ. ನನ್ನ ಎದುರಿನ ಸಾಲಿನಲ್ಲಿ ಕೂತಿದ್ದ ಬೆಳ್ತಂಗಡಿ ಕಡೆಯ ಒಬ್ಬರು ಅನ್ನಕ್ಕೆ ಸಾರು ಕಲಸುತ್ತಾ ಪಕ್ಕದವರ ಹತ್ತಿರ, "ನಾರಾವಿಯಲ್ಲಿ ಒಬ್ಬಳ ಮಲ್ಲಿಗೆಗೆ ಸುಣ್ಣ ಹಾಕಿಸಿ ಕೊಂದವರು ಇವರೇ ಅಲ್ವಾ?" ಎಂದು ಕೇಳಿದರು. ಪಕ್ಕದವರು ಹೌದೆಂದರು. ಪಾಪ, ಒಳ್ಳೆಯ ಜನ, ಅದೊಂದು ಎಡವಟ್ಟು ಮಾಡಿಬಿಟ್ಟರು ಎಂದರು. ಒಂದು ಆಯುಷ್ಯವೆಲ್ಲ ಮಣ್ಣಿನ ಹಿಂದೆ ಅಲೆದ ಮನುಷ್ಯನ ಬಗ್ಗೆ ಜನರಿಗೆ ನೆನಪು ಉಳಿದದ್ದು ಅದೊಂದೇ. ಸುಣ್ಣ ಹಾಕಿ ಎಂದು ಆ ಮಲ್ಲಿಗೆಯ ಮಣ್ಣಿನ ಕಾರ್ಡು ಬರೆದದ್ದು ಅವರಲ್ಲ, ನಾನು. ಅಲ್ಲಿಯೇ ಹೇಳಬೇಕಿತ್ತು. ನಾನು ಎಲೆಗೆ ಪಾಯಸ ಹಾಕಿಸಿಕೊಂಡು, ಉಂಡು, ಕೈ ತೊಳೆದು ಬಸ್ಸು ಹತ್ತಿದೆ. ಇದಾಗಿ ಎರಡು ತಿಂಗಳಾಯಿತು. ಆ ಪಾಯಸ ಇನ್ನೂ ಗಂಟಲಿನಿಂದ ಇಳಿದಿಲ್ಲ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಬೆಳೆಗಾರರ ಒಂದು ಸಣ್ಣ ಸಂಘ ಮಣ್ಣು ಪರೀಕ್ಷೆಯ ಪ್ರಯೋಗಾಲಯ ನಡೆಸುತ್ತಿತ್ತು. ಪ್ರಯೋಗಾಲಯ ಎಂದರೆ ದೊಡ್ಡ ಮಾತಾಯಿತು. ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ಎರಡು ಕೋಣೆ. ಒಂದರಲ್ಲಿ ಅವರ ಯಂತ್ರ, ಬಾಟಲಿ, ಜರಡಿ, ಟ್ರೇಗಳು. ಇನ್ನೊಂದರಲ್ಲಿ ನನ್ನ ಮೇಜು, ಕಾರ್ಡುಗಳ ಕಟ್ಟು, ಶಬ್ದ ಹೆಚ್ಚು ಗಾಳಿ ಕಡಿಮೆ ಇರುವ ಒಂದು ಫ್ಯಾನು. ರೈತರು ಮಣ್ಣು ತಂದು ಕೊಡುತ್ತಿದ್ದರು, ಅವರು ಪರೀಕ್ಷೆ ಮಾಡುತ್ತಿದ್ದರು, ನಾನು ಕಾರ್ಡಿನಲ್ಲಿ ಬರೆಯುತ್ತಿದ್ದೆ. ಈಗ ಅದು ಮುಚ್ಚಿದೆ. ನಾನು ಮೂಡುಬಿದಿರೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕಕ್ಕೆ ಸೀಲು ಒತ್ತುತ್ತಿದ್ದೇನೆ.

ಜನ ಅವರನ್ನು ಮಣ್ಣಿನ ಮಾಷ್ಟ್ರು ಎನ್ನುತ್ತಿದ್ದರು. ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಸಣಕಲು ಆಳು, ಅರ್ಧ ತೋಳಿನ ಅಂಗಿ, ಎರಡು ಸುತ್ತು ಮಡಿಚಿದ ಪ್ಯಾಂಟು. ಆ ಮಡಿಕೆ ಬಿಡಿಸಿದರೆ ನಾಲ್ಕು ಗ್ರಾಮದ ಮಣ್ಣು ಉದುರುತ್ತಿತ್ತು. ಉಗುರಿನ ಸಂದಿನ ಕೆಂಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದದ್ದನ್ನು ಜನ ಗತ್ತು ಎಂದು ತಿಳಿದಿದ್ದರು. ಏನು ಕೇಳಿದರೂ ಅವರ ಮೊದಲ ಉತ್ತರ ‘ನೋಡುವ’. ತೆಂಗಿಗೆ ಏನು ಹಾಕಬೇಕು ಮಾಷ್ಟ್ರೇ? ನೋಡುವ. ಸಂಬಳ ಈ ತಿಂಗಳಾದರೂ ಬರುತ್ತದಾ? ನೋಡುವ. ಮೊದಮೊದಲು ನನಗೆ ಇದು ಜಾರಿಕೊಳ್ಳುವ ಮಾತೆಂದು ಸಿಟ್ಟು ಬರುತ್ತಿತ್ತು. ಅವರು ನಿಜವಾಗಿಯೂ ಹೋಗಿ ನೋಡುವವರೆಂದು ತಿಳಿಯಲು ಒಂದು ವರ್ಷ ಬೇಕಾಯಿತು.

ಮಣ್ಣು ತರುವುದಕ್ಕೂ ಒಂದು ಕ್ರಮ ಉಂಟು. ಜಾಗದ ಎಂಟು ಹತ್ತು ಕಡೆ ಒಂದು ಗೇಣು ಆಳದ ಗುಂಡಿ ತೋಡಿ, ಬದಿಯಿಂದ ಮೇಲಿಂದ ಕೆಳಗಿನವರೆಗೆ ದೋಸೆಯಷ್ಟು ತೆಳ್ಳಗೆ ಕೆರೆದು, ಎಲ್ಲವನ್ನೂ ಒಟ್ಟು ಮಾಡಿ, ನೆರಳಿನಲ್ಲಿ ಒಣಗಿಸಿ, ಅದರಲ್ಲಿ ಅರ್ಧ ಕಿಲೋ ಬಟ್ಟೆಯ ಚೀಲದಲ್ಲಿ ಕಟ್ಟಿ ತರಬೇಕು. ಯಾರು ತರುತ್ತಾರೆ? ಬಸ್ಸು ಬರುವ ಗಡಿಬಿಡಿಯಲ್ಲಿ ಗೇಟಿನ ಪಕ್ಕದಿಂದ ಎರಡು ಮುಷ್ಟಿ ಬಾಚಿ, ಯೂರಿಯಾ ತಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರುತ್ತಿದ್ದರು. ಒಬ್ಬರಂತೂ ಹಟ್ಟಿಯ ಬಾಗಿಲಿನದ್ದೇ ತಂದಿದ್ದರು. ಮಾಷ್ಟ್ರು ಅದನ್ನು ಹಿಡಿದು, ಇದು ತೋಟದ್ದಾ, ದನ ನಿಂತಲ್ಲಿಯದ್ದಾ ಎಂದು ಮೆಲ್ಲನೆ ಕೇಳುತ್ತಿದ್ದರು. ಬೈಯುತ್ತಿರಲಿಲ್ಲ. ಮರುದಿನ ತಾವೇ ಬಸ್ಸು ಹತ್ತಿ ಆ ಮನೆಗೆ ಹೋಗಿ ಗುಂಡಿ ತೋಡಿ ತರುತ್ತಿದ್ದರು. ಸಂಘದವರಿಗೆ ಇದು ಹಿಡಿಸುತ್ತಿರಲಿಲ್ಲ. ಆಫೀಸಿನಲ್ಲಿ ಕೂರಬೇಕಾದವರು ಊರೂರು ತಿರುಗುವುದೇಕೆ ಎಂದು ಮೀಟಿಂಗಿನಲ್ಲಿ ಕೇಳಿದ್ದರು. ಮಾಷ್ಟ್ರು ನೋಡುವ ಎಂದಿದ್ದರು.

ಯಾರ ಮನೆಗೆ ಹೋದರೂ ಅವರ ಮೊದಲ ಪ್ರಶ್ನೆ ಗೊಬ್ಬರದ್ದಲ್ಲ. ಇದು ಬೈಲೋ, ಮಜಲೋ, ಬೆಟ್ಟೋ ಎಂದು ಕೇಳುತ್ತಿದ್ದರು. ನಮ್ಮ ಕಡೆ ಗದ್ದೆಗಳನ್ನು ಹಿಂದಿನಿಂದಲೂ ಹೀಗೆ ಮೂರು ಮಾಡಿ ಹೇಳುವುದು. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ಅದಕ್ಕಿಂತ ಮೇಲಿನದು ಮಜಲು, ಮಳೆ ಬಿಟ್ಟ ವಾರಕ್ಕೇ ಒಣಗುವ ಎತ್ತರದ್ದು ಬೆಟ್ಟು. ಈಗ ಹೆಚ್ಚಿನ ಕಡೆ ಗದ್ದೆಗಳೇ ಇಲ್ಲ, ಐದು ಸೆಂಟ್ಸು ಹತ್ತು ಸೆಂಟ್ಸಿನ ಸೈಟುಗಳು. ಮಾಷ್ಟ್ರು ಹೀಗೆ ಕೇಳಿದರೆ ಯಜಮಾನರು ಮೊಬೈಲು ತೆಗೆದು ಸರ್ವೆ ನಂಬರು ಹುಡುಕುತ್ತಿದ್ದರು. ಆಗ ಇವರು ಅಂಗಳದಿಂದ ಒಂದು ಹಿಡಿ ಮಣ್ಣು ತೆಗೆದು, ನೀರು ಹಾಕಿ ನಾದಿ, ಅಂಗೈಯಲ್ಲಿ ಹೊಸೆಯುತ್ತಿದ್ದರು. ಉದ್ದ ಹೊಸೆದು ಚಕ್ಕುಲಿಯ ಹಾಗೆ ಸುತ್ತಲು ಬಂದರೆ ಬೈಲಿನ ಜೇಡಿ. ಚಕ್ಕುಲಿ ಮುರಿದು ಉಂಡೆ ಮಾತ್ರ ನಿಂತರೆ ಮಜಲು. ಏನು ಮಾಡಿದರೂ ಬೆರಳ ಸಂದಿನಿಂದ ಉದುರಿದರೆ ಬೆಟ್ಟಿನ ಮುರಕಲ್ಲ ಮಣ್ಣು, ಕೆಂಪು ಜಂಬಿಟ್ಟಿಗೆ ಪುಡಿಯಾದದ್ದು. ಮನೆಯ ಹೆಂಗಸರಿಗೆ ಇದು ತಟ್ಟನೆ ಅರ್ಥವಾಗುತ್ತಿತ್ತು. ಗಂಡಸರು ಕಾರ್ಡು ಯಾವಾಗ ಸಿಗುತ್ತದೆ ಎಂದು ಕೇಳುತ್ತಿದ್ದರು.

ಮೂಡುಬಿದಿರೆಯಲ್ಲಿ ಒಬ್ಬ ಲೆಕ್ಚರರು ಗುಡ್ಡ ಕಡಿದು ಸಮತಟ್ಟು ಮಾಡಿದ ಸೈಟಿನಲ್ಲಿ ಮನೆ ಕಟ್ಟಿಸಿದ್ದರು. ಜೆಸಿಬಿ ಮೇಲಿನ ಮಣ್ಣನ್ನೆಲ್ಲ ಎತ್ತಿಕೊಂಡು ಹೋಗಿ ಕೆಳಗಿದ್ದ ಬರೀ ಮುರಕಲ್ಲು ಎದ್ದು ಕಾಣುತ್ತಿತ್ತು. ಅದರ ಮೇಲೆ ಅವರು ಯಾವುದೋ ಗದ್ದೆಯ ಮಣ್ಣನ್ನು ಟಿಪ್ಪರಿನಲ್ಲಿ ತರಿಸಿ ಹಾಸಿದ್ದರು. ಒಳ್ಳೆಯ ಮಣ್ಣೆಂದು ತರಿಸಿದ್ದು. ಒಳ್ಳೆಯದೇ, ಆದರೆ ಬೈಲಿನದ್ದು. ಆಟಿ ತಿಂಗಳ ಜಡಿಮಳೆಗೆ ಅಡಿಯ ಕಲ್ಲು ನೀರನ್ನು ಕೆಳಗೆ ಬಿಡದೆ, ಮೇಲಿನ ಜೇಡಿ ಹೊರಗೆ ಹೋಗಲು ಬಿಡದೆ, ಬಸಳೆ, ತೊಂಡೆ, ಪಪ್ಪಾಯಿ ಎಲ್ಲ ನಿಂತಲ್ಲೇ ಕೊಳೆತವು. ಬೇಸಗೆಗೆ ಅದೇ ಮಣ್ಣು ಒಡೆದು ಕಾಲು ಸಿಕ್ಕುವಷ್ಟು ಬಿರುಕು. ಮಾಷ್ಟ್ರು ಸುತ್ತ ಒಂದು ಕಣಿ ತೋಡಿ ನೀರಿಗೆ ದಾರಿ ಮಾಡಿಕೊಡಿ, ಬಿದ್ದ ತರಗೆಲೆಯನ್ನು ಬಿದ್ದಲ್ಲೇ ಬಿಡಿ ಎಂದರು. ಲೆಕ್ಚರರ ಹೆಂಡತಿ ಅಂಗಳ ಗಲೀಜು ಕಾಣುತ್ತದಲ್ಲ ಎಂದರು. ದಿನವೂ ಗುಡಿಸಿ ಮೂಲೆಯಲ್ಲಿ ಬೆಂಕಿ ಕೊಡುವುದು ಅವರ ರೂಢಿ. ಮಾಷ್ಟ್ರು ವಾದ ಮಾಡಲಿಲ್ಲ. ಜೊತೆಗೆ ಹೋಗಿದ್ದ ನನ್ನ ಹತ್ತಿರ, ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ನಮ್ಮ ಜನ ಮಣ್ಣು ಕೊಂಡು ತಂದು ಮಣ್ಣಾಗುವಂಥದ್ದನ್ನು ಸುಡುತ್ತಾರೆ ಎಂದು ಹೇಳಿ ಕಣ್ಣು ಮುಚ್ಚಿಕೊಂಡರು. ಅವರಿಗೆ ಆಯಾಸವಾದದ್ದು ನಡೆದು ಅಲ್ಲ.

ಅವರ ಮುಖದಲ್ಲಿ ಖುಷಿ ನೋಡಿದ್ದು ಪೊಳಲಿಯಲ್ಲಿ. ಅಲ್ಲಿ ಫಲ್ಗುಣಿಯ ಬದಿಯಲ್ಲಿ ಒಬ್ಬ ಮುದುಕರು ಮರಳು ಬೆರೆತ ಮಣ್ಣಿನಲ್ಲಿ ಸೌತೆ, ಅಲಸಂಡೆ, ಹರಿವೆ ಬೆಳೆಯುತ್ತಿದ್ದರು. ನೆರೆ ಇಳಿದ ಮೇಲೆ ಹೊಳೆ ಬಿಟ್ಟು ಹೋದ ಮೆಕ್ಕಲು ಎಲ್ಲೆಲ್ಲಿ ಎಷ್ಟೆಷ್ಟು ಕೂತಿದೆ ಎಂದು ಬರಿಗಾಲಿನಲ್ಲಿ ನಡೆದು ನೋಡಿ, ಅದರ ಪ್ರಕಾರ ಸಾಲು ಹಾಕುತ್ತಿದ್ದರು. ಅವರು ಒಂದು ದಿನವೂ ನಮ್ಮಲ್ಲಿಗೆ ಮಣ್ಣು ತಂದವರಲ್ಲ. ಮಾಷ್ಟ್ರೇ ಹೋಗಿ ಅವರ ಹಿಂದೆ ಚಪ್ಪಲಿ ಕಳಚಿ ನಡೆಯುತ್ತಿದ್ದರು. ಇವರಿಗೆ ನಮ್ಮ ಕಾರ್ಡು ಬೇಡ, ನಮಗೇ ಇವರ ಕಾಲು ಬೇಕು ಎಂದು ನನ್ನಲ್ಲಿ ಹೇಳಿದ್ದರು.

ಅವರದ್ದು ಎಂದು ಒಂದು ತುಂಡು ಜಾಗವೂ ಇರಲಿಲ್ಲ. ಬಂಟ್ವಾಳ ಪೇಟೆಯಲ್ಲಿ ಮಹಡಿಯ ಮೇಲೆ ಬಾಡಿಗೆ ಮನೆ. ಬಾಲ್ಕನಿಯಲ್ಲಿ ಪೈಂಟಿನ ಎರಡು ಹಳೆಯ ಬಕೆಟು; ಒಂದರಲ್ಲಿ ದೊಡ್ಡಪತ್ರೆ, ಇನ್ನೊಂದರಲ್ಲಿ ಕರಿಬೇವು. ಆ ಕರಿಬೇವು ನಾನು ನೋಡಿದಷ್ಟು ವರ್ಷವೂ ಮೊಣಕಾಲೆತ್ತರಕ್ಕಿಂತ ಮೇಲೆ ಬರಲಿಲ್ಲ. ಅವರ ಹೆಂಡತಿ ನನ್ನೆದುರಿಗೇ, ಊರಿಗೆಲ್ಲ ಬುದ್ಧಿ ಹೇಳುವವರ ಗಿಡ ನೋಡಿ ಎಂದು ಕುಟುಕುತ್ತಿದ್ದರು. ಮಾಷ್ಟ್ರು ನಗುತ್ತಾ, ಬಕೆಟಿನ ಮಣ್ಣು ನನಗೆ ಗೊತ್ತಿಲ್ಲ ಮಾರಾಯ್ತಿ, ಅದಕ್ಕೆ ಅಡಿ ಉಂಟಲ್ಲ ಎನ್ನುತ್ತಿದ್ದರು.

ಬರೆದಿಟ್ಟ ಕಾರ್ಡುಗಳನ್ನು ಕೊಂಡುಹೋಗಲು ಅರ್ಧಕ್ಕರ್ಧ ಜನ ಬರುತ್ತಲೇ ಇರಲಿಲ್ಲ. ಅವನ್ನು ಶನಿವಾರ ಮಧ್ಯಾಹ್ನದ ಮೇಲೆ ಒಂದು ಚೀಲಕ್ಕೆ ತುಂಬಿ ಮಾಷ್ಟ್ರು ಹೊರಡುತ್ತಿದ್ದರು. ವೇಣೂರು, ಬೆಳ್ತಂಗಡಿ, ನಾರಾವಿ, ಎಲ್ಲಿ ಬಸ್ಸು ಸಿಕ್ಕಿದರೆ ಅಲ್ಲಿಗೆ. ಒಂದು ಮನೆಯಲ್ಲಿ ಹಿಂದಿನ ವರ್ಷ ಕೊಟ್ಟಿದ್ದ ಕಾರ್ಡು ಗ್ರೈಂಡರಿನ ಕಾಲಿನ ಅಡಿಯಲ್ಲಿ, ಅಲುಗಾಡದ ಹಾಗೆ ಮಡಿಚಿ ಇಟ್ಟದ್ದು ಸಿಕ್ಕಿತಂತೆ. ನನಗೆ ಕೇಳಿಯೇ ಮೈ ಉರಿಯಿತು. ಅವರು ಅದನ್ನು ಬಿಡಿಸಿ, ಅಲ್ಲೇ ಕೂತು, ಆ ಮನೆಯವರಿಗೆ ಮತ್ತೆ ಓದಿ ಹೇಳಿ ಬಂದಿದ್ದರು. ಕಾರ್ಡು ಬಿಸಾಡಲಿಲ್ಲವಲ್ಲ, ಅಷ್ಟು ಸಾಕು ಎಂದರು. ಇಂಥ ಮನುಷ್ಯನ ಹತ್ತಿರ ಕೆಲಸ ಮಾಡುವುದು ಸುಲಭವಲ್ಲ. ನಮ್ಮ ಸೋಮಾರಿತನಕ್ಕೆ ಎಲ್ಲಿಯೂ ನೆರಳು ಸಿಗುವುದಿಲ್ಲ.

ನನ್ನ ಸೋಮಾರಿತನದ ವಿಷಯ ಹೇಳುತ್ತೇನೆ. ಬೇಸಗೆಯ ಕೊನೆಯಲ್ಲಿ ನಮ್ಮಲ್ಲಿ ಚೀಲಗಳ ರಾಶಿ ಬೀಳುತ್ತಿತ್ತು. ಮಳೆಗೆ ಮುಂಚೆ ಸುಣ್ಣ ಹಾಕಬೇಕು. ಸಂಘದಿಂದ ಸುಣ್ಣ ಸಿಗಬೇಕಾದರೆ ಕಾರ್ಡು ತೋರಿಸಬೇಕು. ಆ ಗಡಿಬಿಡಿಗೆಂದು ಮಾಷ್ಟ್ರು ಒಂದು ಕಟ್ಟು ಖಾಲಿ ಕಾರ್ಡುಗಳಿಗೆ ಮೊದಲೇ ಸಹಿ ಹಾಕಿ ನನ್ನ ಮೇಜಿನಲ್ಲಿ ಇಡುತ್ತಿದ್ದರು. ಅವರು ಪರೀಕ್ಷೆ ಮಾಡಿ ಸಂಖ್ಯೆ ಹೇಳಿದ ಹಾಗೆ ನಾನು ತುಂಬಿಸುವುದು. ನಾನು ಸೇರಿದ ಏಳನೆಯ ವರ್ಷ ಅವರಿಗೆ ಡೆಂಗಿ ಜ್ವರ ಬಂದು ಎರಡು ವಾರ ಮಲಗಿದರು. ಮಣ್ಣಿನ ಹುಳಿ, ಅಂದರೆ ಆಮ್ಲ, ಎಷ್ಟೆಂದು ನೋಡುವ ಯಂತ್ರ ನಡೆಸಲು ನನಗೂ ಕಲಿಸಿದ್ದರು. ಆದರೆ ಒಂದು ಚೀಲ ಮುಗಿಸಲು ಗಂಟೆ ಹಿಡಿಯುತ್ತಿತ್ತು, ಹೊರಗೆ ಜನ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಏಳು ವರ್ಷ ಬರೆದ ಕೈ ನನ್ನದು. ನಮ್ಮ ಕಡೆಯ ಮಣ್ಣು ಹುಳಿ, ಸುರಿಯುವ ಮಳೆ ಅದರ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ಹೆಚ್ಚು ಕಡಿಮೆ ಎಲ್ಲರ ಕಾರ್ಡಿನಲ್ಲಿಯೂ ‘ಹುಳಿ ಹೆಚ್ಚು, ಸುಣ್ಣ ಹಾಕಿ’ ಎಂದೇ ಬರುತ್ತದೆ ಎಂದು ನನಗೆ ಬಾಯಿಪಾಠ ಆಗಿತ್ತು. ಮೇಲಿನ ಕಾರ್ಡು ನೋಡಿ ಕೆಳಗಿನ ಕಾರ್ಡು ಬರೆಯತೊಡಗಿದೆ. ಚೀಲಗಳನ್ನು ಹಾಗೆಯೇ ಕಪಾಟಿಗೆ ಸೇರಿಸಿದೆ. ಯಾರಿಗೂ ಏನೂ ತಿಳಿಯಲಿಲ್ಲ. ಮಾಷ್ಟ್ರು ಗುಣವಾಗಿ ಬಂದು, ಇಷ್ಟೆಲ್ಲ ಒಬ್ಬರೇ ಮುಗಿಸಿದ್ದೀರಲ್ಲ ಎಂದು ಹೊಗಳಿದರು.

ದೀಪಾವಳಿ ಕಳೆದು ಒಂದು ಬೆಳಿಗ್ಗೆ ನಾರಾವಿಯಿಂದ ಒಬ್ಬ ಹೆಂಗಸು ಬಂದರು. ಗಂಡ ತೀರಿಹೋಗಿದ್ದರು, ಮನೆಯಲ್ಲಿ ಅತ್ತೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಹಿತ್ತಲಿನ ಮೂವತ್ತು ಮಲ್ಲಿಗೆ ಗಿಡಗಳೇ ಅವರ ಜೀವನ. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮೊದಲ ಬಸ್ಸಿಗೆ ಮೂಡುಬಿದಿರೆಗೆ ಕಳಿಸುವುದು. ಆಕೆ ಕಾಗದದಲ್ಲಿ ಸುತ್ತಿದ್ದ ಒಂದು ಗೆಲ್ಲನ್ನು ಮಾಷ್ಟ್ರ ಮೇಜಿನ ಮೇಲೆ ಬಿಡಿಸಿ ಇಟ್ಟರು. ನರ ಮಾತ್ರ ಹಸಿರು, ಉಳಿದದ್ದೆಲ್ಲ ಹಳದಿ. ಮೊಗ್ಗು ಕಟ್ಟುವಲ್ಲಿ ಕರಟಿ ಹೋಗಿತ್ತು. ಕಾರ್ಡನ್ನು ಗೆಲ್ಲಿನ ಪಕ್ಕದಲ್ಲಿ ಇಟ್ಟು, ಇದರಲ್ಲಿ ಬರೆದಷ್ಟೂ ಸುಣ್ಣ ಹಾಕಿದ್ದೇನೆ, ಅರ್ಧ ಗಿಡ ಹೋಯಿತು ಎಂದರು. ಸ್ವರ ಏರಿಸಲಿಲ್ಲ. "ಇದನ್ನು ನೋಡಿ ಬರೆದವರು ಯಾರು?" ಎಂದು ಕೇಳಿದರು.

ನಾನು ಬಾಗಿಲ ಈಚೆ ನನ್ನ ಕುರ್ಚಿಯಲ್ಲಿ ಕೂತಿದ್ದೆ. ಮಾಷ್ಟ್ರು ಕಾರ್ಡಿನ ತಾರೀಕು ನೋಡಿದರು. ಎದ್ದು ಕಪಾಟಿನಿಂದ ಆ ನಂಬರಿನ ಚೀಲ ಹುಡುಕಿ ತೆಗೆದರು. ಚೀಲದ ಬಾಯಿಗೆ ಆಕೆ ಮನೆಯಲ್ಲಿ ಕಟ್ಟಿದ್ದ ಬಾಳೆನಾರಿನ ಗಂಟು ಕಟ್ಟಿದ ಹಾಗೆಯೇ ಇತ್ತು. ಆ ಚೀಲವನ್ನು ಆಕೆಗೆ ಕಾಣದಂತೆ ಪ್ಯಾಂಟಿನ ಕಿಸೆಗೆ ಹಾಕಿಕೊಂಡರು. ತಲೆ ಎತ್ತಿ ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಆಕೆಯ ಕಡೆ ತಿರುಗಿ "ನಾನು" ಎಂದರು.

ಆಕೆ ಹೋದ ಮೇಲೆ ಚೀಲವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. ಗಂಟು ಬಿಚ್ಚದೆ ಇನ್ನು ಕಾರ್ಡು ಬರೆಯುವುದು ಬೇಡ, ಆಯ್ತಾ ಎಂದರು. ಅಷ್ಟೇ ಬೈಗಳು. ಆ ವಾರವೆಲ್ಲ ಕೂತು ನಾನು ಬಿಚ್ಚದೆ ಬಿಟ್ಟಿದ್ದ ಚೀಲಗಳನ್ನು ಒಂದೊಂದಾಗಿ ಬಿಚ್ಚಿ ಪರೀಕ್ಷೆ ಮಾಡಿದರು. ನಾಚಿಕೆಯ ವಿಷಯ ಏನೆಂದರೆ, ಉಳಿದದ್ದೆಲ್ಲ ನಾನು ಬರೆದದ್ದೇ ಸರಿ ಇತ್ತು. ಎಲ್ಲ ಹುಳಿ, ಎಲ್ಲದಕ್ಕೂ ಸುಣ್ಣ ಬೇಕು. ತಪ್ಪಿದ್ದು ಒಂದೇ ಒಂದು ಚೀಲ. ಆ ಮಣ್ಣಿನಲ್ಲಿ ಹುಳಿ ಎಂಬುದೇ ಇರಲಿಲ್ಲ.

ಯಾಕೆಂದು ತಿಳಿಯಲು ಅವರು ಆ ಭಾನುವಾರವೇ ನಾರಾವಿಗೆ ಹೋದರು. ಅತ್ತೆಯ ಹತ್ತಿರ ಕೂತು, ಇಲ್ಲಿ ಹಿಂದೆ ಏನಿತ್ತು ಎಂದು ವಿಚಾರಿಸಿದರಂತೆ. ಹಿಂದೆ ಅಲ್ಲಿ ಜೈನರ ಒಂದು ದೊಡ್ಡ ಮನೆ ಇತ್ತಂತೆ, ಸುಣ್ಣದ ಗಾರೆಯ ಗೋಡೆಯದ್ದು. ಅದು ಜರಿದು ಬಿದ್ದು, ಕಲ್ಲನ್ನೆಲ್ಲ ಜನ ಹೊತ್ತುಕೊಂಡು ಹೋಗಿ, ಗಾರೆ ಮಾತ್ರ ಮಳೆಗೆ ಕರಗಿ ಮಣ್ಣಲ್ಲಿ ಸೇರಿತ್ತು. ಮಾಷ್ಟ್ರು ಒಂದು ಮೊಳ ಅಗೆದಾಗ ಬಿಳಿ ಬಿಳಿ ಪುಡಿ ಸಿಕ್ಕಿತು. ಬಾವಿಯ ಹತ್ತಿರದ ಮರದಿಂದ ನಾಲ್ಕು ಬಿಂಬುಳಿ ಕಾಯಿ ಕೊಯ್ದು ಅದರ ಹುಳಿ ರಸ ಹಿಂಡಿದರೆ ಆ ಮಣ್ಣು ಸುಯ್ಯೆಂದು ನೊರೆ ಬಿಟ್ಟಿತಂತೆ. ಮೊದಲೇ ಸುಣ್ಣ ಕುಡಿದ ನೆಲ. ಅದರ ಮೇಲೆ ನಾನು ಚೀಲಗಟ್ಟಲೆ ಸುಣ್ಣ ಹಾಕಿಸಿದ್ದೆ. ಮಾಷ್ಟ್ರು ಇದನ್ನು ನನಗೆ ಒಂದು ಹೊಸ ಸಂಗತಿ ತಿಳಿದವರ ಉತ್ಸಾಹದಲ್ಲಿಯೇ ಹೇಳಿದರು.

ಮುಂದಿನ ಭಾನುವಾರ ನಾನೂ ಬರುತ್ತೇನೆ, ಆಕೆಯ ಹತ್ತಿರ ಹೇಳಿಬಿಡುತ್ತೇನೆ ಎಂದೆ. ಅವರು ಬೇಡವೆಂದರು. ಖಾಲಿ ಕಾರ್ಡಿಗೆ ಸಹಿ ಹಾಕಿದ್ದು ತಾನಲ್ಲವೇ ಎಂದರು. ನಾನು ಒತ್ತಾಯ ಮಾಡಿದಾಗ ಸ್ವಲ್ಪ ಬೇಸರದಿಂದಲೇ, "ಅವರಿಗೆ ಬೇಕಾದದ್ದು ಹೂ, ಮಾರಾಯ್ತಿ. ನಿಮ್ಮ ತಪ್ಪೊಪ್ಪಿಗೆ ತಕ್ಕೊಂಡು ಅವರು ಏನು ಮಾಡುವುದು?" ಎಂದರು. ನಿಜ ಹೇಳಬೇಕೆಂದರೆ, ಆ ಮಾತು ಕೇಳಿ ನನಗೆ ನೋವಾಗಲಿಲ್ಲ. ಜೀವ ಬಂದ ಹಾಗಾಯಿತು.

ಎರಡು ಬೇಸಗೆ, ಎರಡು ಮಳೆಗಾಲ, ಅವರು ಭಾನುವಾರ ಭಾನುವಾರ ನಾರಾವಿಗೆ ಹೋದರು. ಬುಡದ ಮೇಲ್ಮಣ್ಣು ಕೆರೆದು ತೆಗೆದರು. ಗುಡ್ಡದ ಗೇರುಮರಗಳ ಅಡಿಯಿಂದ ಎಲೆ ಕೊಳೆತ ಹುಳಿ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ಗುಂಡಿ ತುಂಬಿಸಿದರು. ಹಟ್ಟಿಗೊಬ್ಬರ ಬೆರೆಸಿ, ಒಣಗಿದ ಗೆಲ್ಲು ಸವರಿ, ಉಳಿದ ಗಿಡಗಳು ಚಿಗುರುವುದನ್ನು ಕಾದರು. ಐವತ್ತು ದಾಟಿದ ಮೈ, ಜ್ವರದಿಂದ ಎದ್ದದ್ದು. ಸೋಮವಾರ ಆಫೀಸಿಗೆ ಬಂದರೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು. ಆಕೆ ಆ ಎರಡು ವರ್ಷ ಗೇರುಬೀಜದ ಕಾರ್ಖಾನೆಗೆ ಹೋಗಿ ಮನೆ ನಡೆಸಿದರು. ಊರಿನಲ್ಲಿ ಕೇಳಿದವರಿಗೆಲ್ಲ, ಮಣ್ಣಿನ ಮಾಷ್ಟ್ರು ಮಾಡಿದ ಕೆಲಸ ಎಂದರು. ಕ್ರಮೇಣ ಕಾರ್ಡಿಗೆ ಬರುವವರು ಕಡಿಮೆಯಾದರು. ಅದೇ ಕಾರಣವೋ ಬೇರೆಯೋ, ನಾಲ್ಕು ವರ್ಷದಲ್ಲಿ ಸಂಘ ಆ ಎರಡು ಕೋಣೆಗೆ ಬೀಗ ಹಾಕಿತು. ಬೀಳ್ಕೊಡುಗೆ, ಶಾಲು, ಹಾರ ಏನೂ ಇಲ್ಲ. ಮಾಷ್ಟ್ರು ಜರಡಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೋದರು.

ಆಮೇಲೆ ಅವರು ಸಿಗುತ್ತಿದ್ದದ್ದು ಅಪರೂಪ. ಕಳೆದ ವರ್ಷ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ, ಕಾಲೇಜು ಮಕ್ಕಳ ಗದ್ದಲದ ನಡುವೆ ಒಂದು ಬೆಂಚಿನಲ್ಲಿ ಕೂತಿದ್ದರು. ಮೊಣಕಾಲು ಊದಿತ್ತು. ಈಗಲಾದರೂ ನಾನು ಹೇಳಿಬಿಡಲಾ ಮಾಷ್ಟ್ರೇ ಎಂದು ಕೇಳಿದೆ. ಯಾವುದನ್ನು ಎಂದು ಕೇಳಲಿಲ್ಲ, ಅವರಿಗೆ ಗೊತ್ತಾಯಿತು. ನೋಡು‌ವ ಎಂದರು. ಈ ಸಲ ಅದು ನೋಡುವವರ ಮಾತಾಗಿರಲಿಲ್ಲ, ದಣಿದವರ ಮಾತಾಗಿತ್ತು.

ಕಳೆದ ಭಾನುವಾರ ನಾನು ನಾರಾವಿಗೆ ಹೋದೆ. ಯಾರ ಒತ್ತಾಯವೂ ಇರಲಿಲ್ಲ. ಉತ್ತರಕ್ರಿಯೆಯ ದಿನ ಎದುರಿನ ಸಾಲಿನಲ್ಲಿ ಕೂತು ಉಂಡವರ ಆ ಮಾತನ್ನು ಹೊತ್ತು ಇನ್ನೂ ದಿನ ದೂಡಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಹಿತ್ತಲಿನಲ್ಲಿ ಮಲ್ಲಿಗೆ ಇತ್ತು. ಹದಿನಾಲ್ಕು ಗಿಡ, ಬುಡದಲ್ಲಿ ತರಗೆಲೆ ಹೊದ್ದುಕೊಂಡು ಚೆನ್ನಾಗಿಯೇ ಇದ್ದವು. ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ, ಅತ್ತೆ ತೀರಿದ್ದಾರೆ. ಆಕೆ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ನಾನು ಯಾರೆಂದು ಹೇಳಿದೆ, ನೆನಪಾಗಲಿಲ್ಲ. ಮಾಷ್ಟ್ರು ತೀರಿಕೊಂಡದ್ದು ಹೇಳಿದೆ, ಕೇಳಿದ್ದೇನೆ ಎಂದರು. ಮತ್ತೆ ಉಳಿದದ್ದು ಹೇಳಿದೆ. ಅವರು ಜ್ವರದಲ್ಲಿ ಮಲಗಿದ್ದದ್ದು, ನಾನು ನಿಮ್ಮ ಚೀಲದ ಗಂಟನ್ನೇ ಬಿಚ್ಚದೆ ಇನ್ನೊಬ್ಬರ ಕಾರ್ಡು ನೋಡಿ ನಿಮ್ಮದನ್ನು ಬರೆದದ್ದು, ಅವರು ನನ್ನನ್ನು ಉಳಿಸಿ ತಾನೆಂದು ಹೇಳಿದ್ದು. ಅಷ್ಟು ವರ್ಷ ಮನಸ್ಸಿನೊಳಗೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದೆಲ್ಲ ನಾಲ್ಕು ವಾಕ್ಯದಲ್ಲಿ ಮುಗಿಯಿತು.

ಆಕೆಯ ಕೈ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಬೈದರೆ ನನಗೆ ಹಗುರವಾಗುತ್ತಿತ್ತು. ಆಕೆ ನನ್ನನ್ನು ನೋಡಲೂ ಇಲ್ಲ, ಹಿತ್ತಲಿನ ಕಡೆ ನೋಡುತ್ತಾ ಕೂತರು.

"ಎರಡು ವರ್ಷ ಬಂದಿದ್ದಾರೆ ಅವರು," ಎಂದರು. "ಒಂದು ದಿನವೂ ನಾನು ಅವರಿಗೆ ನೀರು ಬೇಕಾ ಅಂತ ಕೇಳಲಿಲ್ಲ."

ನಮ್ಮ ಕಡೆ ಮನೆಯ ಮೆಟ್ಟಿಲು ಹತ್ತಿದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಆಮೇಲೆ ಏನು ಬಂದದ್ದೆಂದು ಕೇಳುವುದು. ಸಾಮಾನು ಮಾರಲು ಬಂದವರಿಗೂ ಉಂಟು, ಜಾಗದ ತಕರಾರಿಗೆ ಬಂದವರಿಗೂ ಉಂಟು. ಅತ್ತೆ ತರಲು ಏಳುತ್ತಿದ್ದರಂತೆ. ಆಕೆಯೇ ಕೈ ಹಿಡಿದು ಕೂರಿಸುತ್ತಿದ್ದರಂತೆ. ಮಣ್ಣು ಹೊತ್ತು ಹೊತ್ತು ಬಾಯಾರಿದಾಗ ಮಾಷ್ಟ್ರು ಬಾವಿಯ ಹತ್ತಿರ ನಿಂತು, ಸೇದಿ ಕುಡಿಯಲಾ ಎಂದು ಕೇಳುತ್ತಿದ್ದರಂತೆ. ಪ್ರತಿ ಸಲವೂ ಕೇಳುತ್ತಿದ್ದರಂತೆ. ಆಕೆ ಒಂದು ಸಲವೂ ಹೂಂ ಅನ್ನಲಿಲ್ಲವಂತೆ, ಊಹೂಂ ಅನ್ನಲಿಲ್ಲವಂತೆ. ಇದನ್ನು ಹೇಳುವಾಗ ಆಕೆಯ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಊರಿಗೆಲ್ಲ ಹೇಳಿದ್ದು ತಾನೇ, ಇನ್ನು ತಿದ್ದುವುದೂ ತಾನೇ ಎಂದರು. ತಿದ್ದಿದರೆ ಅವರಿಗೆ ಕೇಳಿಸುತ್ತದಾ ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

ಆಮೇಲೆ ಎದ್ದು ಒಳಗೆ ಹೋದರು. ತುಂಬಾ ಹೊತ್ತು ಬರಲಿಲ್ಲ. ನಾನು ಹೊರಡುವುದೇ ಲೇಸೆಂದು ಚಪ್ಪಲಿ ಹುಡುಕುವಾಗ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಲೋಟ ನೀರು ತಂದು ನನ್ನೆದುರು ಇಟ್ಟರು. ನನಗೆ ಬೇಡ ಅಕ್ಕ ಎಂದೆ. ಅದನ್ನು ಮುಟ್ಟುವ ಯೋಗ್ಯತೆ ನನಗಿರಲಿಲ್ಲ.

"ಬೇಡ ಹೇಳ್ಬೇಡಿ," ಎಂದರು ಆಕೆ. "ನಿಮಗೆ ಕೊಡ್ಲಿಕ್ಕೆ ನನಗೆ ಮನಸ್ಸಿಲ್ಲ. ಆದರೆ ಇನ್ನೊಬ್ಬರನ್ನು ಹಾಗೆ ಕಳಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಲೋಟ ಖಾಲಿಯಾಗುವ ತನಕ ಆಕೆ ನಿಂತೇ ಇದ್ದರು.